ದೇಶಕ್ಕೆ ಕೊಟ್ಟ ಸರ

ಚಿನ್ನ ಕೇಳಲು ಬಂದವರು ಸಿಗಡಿ ಸುಲಿಯುವ ಶೆಡ್ಡಿನೊಳಗೆ ಬೀದಿಯ ಚಪ್ಪಲಿಯಲ್ಲೇ ಬಂದರು. ಹೆಂಗಸರು ಬೂಟು ತೊಳೆಯದೆ ಆ ನೆಲದ ಮೇಲೆ ಕಾಲಿಟ್ಟರೆ ಅವತ್ತಿನ ಕೂಲಿಯಲ್ಲಿ ದಂಡ ಹಿಡಿಯುತ್ತಿದ್ದರು. ಸಾಹುಕಾರನಿಗೆ ದಂಡ ಹಾಕುವವರು ಯಾರು?

ಬುವಾಪನ್ ತಲೆ ಎತ್ತಲಿಲ್ಲ. ಅವಳ ಎರಡೂ ಕೈ ಮಂಜುಗಡ್ಡೆ ನೀರಿನಲ್ಲಿದ್ದವು. ಸಿಗಡಿಯ ತಲೆ ಮುರಿ. ಸಿಪ್ಪೆ ಎಳೆ. ಬೆನ್ನಿನ ಕಪ್ಪು ನರ ಕೀಳು. ಬುಟ್ಟಿಗೆ ಹಾಕು. ಕೂಲಿ ಕಿಲೋ ಲೆಕ್ಕ. ತಲೆ ಎತ್ತಿದಷ್ಟೂ ಕಿಲೋ ಕಡಿಮೆ. ನೀರಿಗೆ ಸುರಿದ ಬ್ಲೀಚಿಂಗ್ ಪುಡಿ ಉಗುರಿನ ಸಂದಿಗೆ ಇಳಿದು ಉರಿಯುತ್ತಿತ್ತು. ಎಡಗೈಯ ಎರಡು ಉಗುರು ಆಗಲೇ ಕೊಳೆತು ಬಿದ್ದಿದ್ದವು. ಸಂಜೆ ಮನೆಗೆ ಹೋಗಿ ಅನ್ನಕ್ಕೆ ಖಾರ ಕಲಸಿಕೊಂಡರೆ ಬಾಯಿಗಿಂತ ಮೊದಲು ಬೆರಳು ಅಳುತ್ತಿತ್ತು.

"ಕೈ ನಿಲ್ಸಿ ಎಲ್ರೂ! ಸಾಹುಕಾರ್ರು ಮಾತಾಡ್ತಾರೆ," ಎಂದು ಮೇಸ್ತ್ರಿ ವಿಚಿಯನ್ ಕೂಗಿದ.

ಕೈ ನಿಂತವು. ಸಾಹುಕಾರ ಸುರಪೋನ್ ಮಂಜುಗಡ್ಡೆಯ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತ. ಪಕ್ಕದಲ್ಲಿ ಅವನ ಹೆಂಡತಿ, ಮೂಗಿಗೆ ಕರವಸ್ತ್ರ.

"ನೋಡಿ ತಾಯಂದಿರಾ, ದೇಶ ಮುಳುಗ್ತಾ ಇದೆ. ನಮ್ಮ ದುಡ್ಡಿಗೆ, ಬಾಹ್ತ್‌ಗೆ, ಬೆಲೆ ಇಲ್ಲ. ಬ್ಯಾಂಕುಗಳು ಬಾಗಿಲು ಹಾಕ್ಕೊಂಡಿವೆ. ಖಜಾನೇಲಿ ಚಿನ್ನ ಇಲ್ಲ, ಡಾಲರ್ ಇಲ್ಲ. ಸಾಲ ಕೊಟ್ಟ ಹೊರಗಿನೋರು ಬಂದು ನಮ್ಮ ನಡುಮನೇಲಿ ಕೂತಿದಾರೆ. ಇಂಥಾ ಹೊತ್ತಲ್ಲಿ ಮನೆ ಮನೇಲಿ ಚಿನ್ನ ಸುಮ್ನೆ ಮಲಗಿರಬೇಕಾ? ಊರೂರಲ್ಲಿ ಜನ ವಿಹಾರಕ್ಕೆ ಹೋಗಿ ದೇಶಕ್ಕೆ ಅಂತ ಚಿನ್ನ ಬಿಚ್ಚಿ ಕೊಡ್ತಿದಾರೆ. ನಮ್ಮ ಶೆಡ್ಡು ಹಿಂದೆ ಬೀಳಬಾರದು. ಬರೋ ಶನಿವಾರ ಇಲ್ಲೇ ದಾನದ ಪೂಜೆ ಇಟ್ಕೊಂಡಿದೀನಿ. ಗುರುಗಳು ಬರ್ತಾರೆ. ಟಿವಿಯವರೂ ಬರ್ತಾರೆ."

ದೇಶ ಮುಳುಗುತ್ತಿರುವುದು ಬುವಾಪನ್‌ಗೂ ಗೊತ್ತಿತ್ತು. ಅವಳ ಗಂಡ ಬ್ಯಾಂಕಾಕಿನಲ್ಲಿ ಕಟ್ಟುತ್ತಿದ್ದ ಇಪ್ಪತ್ತು ಮಹಡಿಯ ಕಟ್ಟಡ ಹನ್ನೊಂದಕ್ಕೆ ನಿಂತಿತ್ತು. ಕೂಲಿ ಕೊಡದೆ ಕಂಟ್ರಾಕ್ಟರ್ ಓಡಿಹೋಗಿದ್ದ, ಅವನ ಹಿಂದೆ ಗಂಡನೂ ಕೆಲಸ ಹುಡುಕಿಕೊಂಡು ಹೋದವನು ಸುದ್ದಿಯಿಲ್ಲ. ಆದರೆ ಈ ಶೆಡ್ಡು ಮುಳುಗಿರಲಿಲ್ಲ. ಬಾಹ್ತ್ ಬಿದ್ದ ದಿನದಿಂದ ಇಲ್ಲಿ ಕೆಲಸ ಎರಡು ಪಟ್ಟಾಗಿತ್ತು. ಹೊರದೇಶದವರಿಗೆ ಈ ಮಹಾಚಾಯ್ ಊರಿನ ಸಿಗಡಿ ಅಗ್ಗವಾಗಿತ್ತು, ಲಾರಿ ಮೇಲೆ ಲಾರಿ ಬಂದರಿಗೆ ಹೋಗುತ್ತಿತ್ತು. ಸಾಹುಕಾರನಿಗೆ ಬರುತ್ತಿದ್ದದ್ದು ಡಾಲರು. ಕೊಡುತ್ತಿದ್ದದ್ದು ಬಾಹ್ತು, ಅದೂ ಹೊಸ ವರ್ಷದಿಂದ ಅರ್ಧ. ಉಳಿದರ್ಧ ಎಲ್ಲಿ ಎಂದರೆ, ನನ್ನ ಹತ್ತಿರ ಭದ್ರವಾಗಿದೆ, ದೇಶ ಸರಿಹೋದ ಮೇಲೆ ಕೊಡುತ್ತೇನೆ ಅನ್ನುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ನ್ಯಾಯ.

ಬುವಾಪನ್ ಪಕ್ಕದ ಸಮ್ಲಿ ಬಾಯಿ ಬಿಟ್ಟಳು. ಅವಳು ಶೆಡ್ಡಿನಲ್ಲೇ ಹಳಬಳು, ನಾಲಿಗೆ ಹರಿತ. "ಸಾಹುಕಾರ್ರೇ, ಬಡವರ ಹತ್ರ ಎಲ್ಲಿಂದ ಬರಬೇಕು ಚಿನ್ನ?"

ಸಾಹುಕಾರನ ಹೆಂಡತಿ ಕರವಸ್ತ್ರ ತೆಗೆದಳು. "ಅಯ್ಯೋ, ಎಲ್ರ ಕುತ್ತಿಗೇಲೂ ಹೊಳೀತಾ ಇದೆಯಲ್ರೀ!"

ನಿಜ. ಸಾಲು ಸಾಲು ಹೆಂಗಸರು, ರಬ್ಬರ್ ಏಪ್ರನ್ನಿನ ಮೇಲೆ ಸಾಲು ಸಾಲು ಹಳದಿ ಎಳೆ. ಸಾಹುಕಾರ ನಕ್ಕ. "ಕೂಲಿ ಸಾಲಲ್ಲ, ಕೂಲಿ ಸಾಲಲ್ಲ ಅಂತ ನನ್ನ ಕೋಣೆ ಬಾಗಿಲಿಗೆ ಬಂದು ಅಳ್ತೀರಿ. ಕುತ್ತಿಗೆ ನೋಡಿದ್ರೆ ನನ್ನ ಹೆಂಡತಿಗೂ ಹೊಟ್ಟೆಕಿಚ್ಚಾಗುತ್ತೆ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದು ವಿಚಿಯನ್ ಸೇರಿಸಿದ. ಸಾಹುಕಾರ ಇಳಿದು ಹೋದ ಮೇಲೆ ಅವನೇ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. "ಶನಿವಾರ ಯಾರ ಕುತ್ತಿಗೆಯಿಂದ ಸರ ಇಳಿಯಲ್ವೋ, ಸೋಮವಾರ ಅವರ ಜಾಗಕ್ಕೆ ಬೇರೆಯವರು. ಗೇಟಿನ ಹೊರಗೆ ಎಷ್ಟು ಜನ ಕಾಯ್ತಿದಾರೆ, ನೀವೇ ನೋಡಿದೀರ."

ಎಲ್ಲರ ಕೈಯೂ ತಿರುಗಿ ನೀರಿಗೆ ಇಳಿಯಿತು.

ಬುವಾಪನ್ ಕೊರಳಲ್ಲಿದ್ದದ್ದು ಹಿತ್ತಾಳೆ. ನಿಜವಾದ ಸರ ಅಡವಿನಂಗಡಿಯ ಕಂಬಿಗಳ ಹಿಂದಿತ್ತು.

ಆ ಸರವನ್ನು ಅವಳು ಮೈಮೇಲೆ ಹಾಕಿಕೊಂಡ ದಿನಗಳಿಗಿಂತ ಅಡವಿಟ್ಟ ದಿನಗಳೇ ಹೆಚ್ಚು. ಅವಳಂಥವರ ಊರಲ್ಲೆಲ್ಲ ಅದೇ ಪದ್ಧತಿ. ಶಾಲೆ ಶುರುವಾಗುವ ಹೊತ್ತಿಗೆ ಅಡವಿಗೆ ಹೋಗುತ್ತದೆ, ಕೊಯ್ಲು ಮುಗಿದ ಮೇಲೆ ಬರುತ್ತದೆ. ಮಗುವಿಗೆ ಡೆಂಗಿ ಜ್ವರ ಬಂದಾಗ ಹೋಗುತ್ತದೆ, ಹೆಚ್ಚಿನ ಕೆಲಸ ಸಿಕ್ಕಾಗ ಬರುತ್ತದೆ. ಅಪ್ಪನ ಹೆಣ ಸುಟ್ಟದ್ದು ಆ ಸರದಿಂದ. ಮಗಳು ದಾವ್ ಹುಟ್ಟಿದ್ದೂ ಅದರಿಂದಲೇ. ಚಿನ್ನ ಸುಮ್ಮನೆ ಮಲಗಿದೆಯಂತೆ! ಆ ಸರ ಬುವಾಪನ್‌ಗಿಂತ ಹೆಚ್ಚು ದುಡಿದಿತ್ತು. ಸಾಹುಕಾರನ ಮನೆಯ ಚಿನ್ನ ಇರಬಹುದು ಮಲಗಿದ್ದು.

ಈ ಸಲ ಅರ್ಧ ಕೂಲಿ ಶುರುವಾದ ಕೂಡಲೇ ಮನೆ ಬಾಡಿಗೆಗೆಂದು ಸರ ಹೋಗಿತ್ತು. ಅಡವಿಟ್ಟು ಬರುವ ದಾರಿಯಲ್ಲೇ, ಸಂತೆಯ ಮೂಲೆಯಲ್ಲಿ ಬಟ್ಟೆ ಹಾಸಿ ಮಾರುತ್ತಿದ್ದವನ ಹತ್ತಿರ ಈ ಹಿತ್ತಾಳೆ ಎಳೆ ಕೊಂಡು ಹಾಕಿಕೊಂಡೇ ಮನೆಗೆ ಬಂದಳು. ಬೆಡಗಿಗಲ್ಲ. ಓಣಿಯಲ್ಲಿ ಅಕ್ಕಿ ಸಾಲ ಕೊಡುವ ಪಿಮ್ ಅಕ್ಕ ಮೊದಲು ನೋಡುವುದು ಮುಖವನ್ನಲ್ಲ, ಕೊರಳನ್ನು. ಬೋಳು ಕೊರಳಿಗೆ ಅಕ್ಕಿ ಇಲ್ಲ. ಬೋಳು ಕೊರಳಿಗೆ ಬಾಡಿಗೆ ಮನೆ ಇಲ್ಲ. ಹಾಗಾಗಿ ಚಿನ್ನ ಅಡವಿನಲ್ಲಿದೆ ಎಂದು ಯಾವ ಹೆಂಗಸೂ ಇನ್ನೊಬ್ಬಳಿಗೆ ಹೇಳುತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಹುಣಿಸೆಹಣ್ಣು ಹಾಕಿ ತಿಕ್ಕುವುದು, ಕೊರಳಿಗೆ ಹತ್ತಿದ ಹಸಿರು ಕಲೆಯ ಮೇಲೆ ಪೌಡರ್ ಬಳಿಯುವುದು, ಕೆಲಸಕ್ಕೆ ಹೋಗುವುದು.

ಅದೇ ಈಗ ಉರುಳಾಗಿತ್ತು. ಬಡತನ ಮುಚ್ಚಲು ಹಾಕಿಕೊಂಡದ್ದನ್ನೇ ತೋರಿಸಿ ನೀವು ಬಡವರಲ್ಲ ಎಂದು ಸಾಹುಕಾರ ಹೇಳಿಹೋಗಿದ್ದ.

ಮೇ ತಿಂಗಳ ಮಧ್ಯಕ್ಕೆ ಶಾಲೆ ಶುರು. ದೂರದ ಈಸಾನ್ ಸೀಮೆಯ ಹಳ್ಳಿಯಲ್ಲಿ ಅವ್ವನ ಹತ್ತಿರ ಬೆಳೆಯುತ್ತಿದ್ದ ದಾವ್ ಆರನೆಯದು ಮುಗಿಸಿದ್ದಳು. ಏಳನೆಯದಕ್ಕೆ ಪಟ್ಟಣದ ದೊಡ್ಡ ಶಾಲೆಗೆ ಹೋಗಬೇಕು. ಸಮವಸ್ತ್ರ, ಬಸ್ಸು, ಫೀಸು. ಅದೇ ಹೊತ್ತಿಗೆ ಸರದ ಗಡುವೂ ಮುಗಿಯುತ್ತಿತ್ತು. ಬಡ್ಡಿ ಕಟ್ಟದಿದ್ದರೆ ಸರ ಅಂಗಡಿಯವನದು. ಸಾಹುಕಾರ ಹಿಡಿದಿಟ್ಟ ಅರ್ಧ ಕೂಲಿ ಕೈಗೆ ಬಂದರೆ ಎರಡೂ ಆಗುತ್ತಿತ್ತು. ಬರದಿದ್ದರೆ ದಾವ್ ಶಾಲೆಗೆ ಹೋಗುವುದಿಲ್ಲ. ಮುಂದಿನ ವರ್ಷ ಇದೇ ಶೆಡ್ಡಿಗೆ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಬುವಾಪನ್ ತನ್ನ ಬೆರಳುಗಳನ್ನು ನೋಡಿಕೊಂಡಾಗಲೆಲ್ಲ ಅವಳಿಗೆ ಆ ಹುಡುಗಿಯ ಬೆರಳು ನೆನಪಾಗುತ್ತಿತ್ತು.

ಸಂಜೆ ತಕ್ಕಡಿಯ ಹತ್ತಿರ ವಿಚಿಯನ್ ಒಬ್ಬನೇ ಇದ್ದಾಗ ಹೋಗಿ ನಿಂತಳು.

"ಅಣ್ಣಾ, ಒಂದು ಮಾತಿತ್ತು."

"ಕೂಲಿ ಗೀಲಿ ಅಂದ್ರೆ ಆಗಲ್ಲಮ್ಮ."

"ಅಲ್ಲ. ನನ್ನ ಸರ ಚಿನ್ನದ್ದಲ್ಲ. ಹಿತ್ತಾಳೆ."

ವಿಚಿಯನ್ ಹಲ್ಲುಕಡ್ಡಿ ಬಾಯಿಂದ ತೆಗೆದ. "ಗೊತ್ತು."

"ಗೊತ್ತಾ?"

"ನನಗೇನು ಕಣ್ಣಿಲ್ವಾ? ಆ ನೀರಲ್ಲಿ ಕೈ ಅದ್ದಿ ಕುತ್ತಿಗೆ ಒರಸ್ಕೊಂಡ್ರೆ ಚಿನ್ನ ಕಪ್ಪಾಗುತ್ತಾ? ಶೆಡ್ಡಿನ ಮುಕ್ಕಾಲು ಹಿತ್ತಾಳೇನೇ."

"ಹಂಗಾದ್ರೆ ಸಾಹುಕಾರ್ರಿಗೆ ಹೇಳಿ, ಅಣ್ಣಾ."

"ಹೇಳಿ ನಾನು ಬೈಸ್ಕೊಳ್ಳಾ? ಅವರಿಗೆ ಬೇಕಾಗಿರೋದು ತಟ್ಟೇಲಿ ಹಳದಿ ಕಾಣೋದು. ಅಮ್ಮಾವ್ರ ಚಿನ್ನದ ಹೊಳಪಲ್ಲಿ ನಿಮ್ಮದೂ ಹೊಳೆಯುತ್ತೆ. ಹಾಕು, ಕೈಮುಗಿ, ಕೆಳಗಿಳಿ."

"ಗುರುಗಳ ಮುಂದೆ ಹಿತ್ತಾಳೆ ಹಾಕಿ ಚಿನ್ನ ಅನ್ಲಾ? ಪಾಪ ಬರಲ್ವಾ?"

"ಪಾಪಕ್ಕೆ ಇನ್ನೊಂದು ಜನ್ಮ ಇದೆ. ಕೆಲಸ ಹೋಗೋಕೆ ಸೋಮವಾರ ಸಾಕು."

ಅತ್ತ ದರಿ ಇತ್ತ ಪುಲಿ. ಅವಳು ನಲ್ಲಿಯ ಹತ್ತಿರ ಹೋಗಿ ಕೊರಳು ಉಜ್ಜಲು ಶುರು ಮಾಡಿದಳು. ಚರ್ಮ ಕಿತ್ತುಬರುವ ಹಾಗೆ ಉಜ್ಜಿದಳು. ಹಸಿರು ಹೋಗಲಿಲ್ಲ. ಹಿಂದಿನಿಂದ ಯಾರೋ ನೀರಿಗೆ ಬಂದು ನಿಂತರು. ಸಮ್ಲಿ.

"ನಿಂದೂನಾ?" ಎಂದಳು ಸಮ್ಲಿ.

ಬುವಾಪನ್ ಸೆರಗು ಎಳೆಯುವಂತೆ ಕಾಲರ್ ಎಳೆದುಕೊಂಡಳು. ಸಮ್ಲಿ ತನ್ನ ರವಿಕೆಯ ಗುಂಡಿ ಬಿಚ್ಚಿ ಕೊರಳು ತೋರಿಸಿದಳು. ಅಲ್ಲೂ ಹಸಿರು ಗೆರೆ.

"ಅಯ್ಯೋ ನಿನ್ನ! ಅಪ್ಪಟ, ಅಜ್ಜಿ ಕಾಲದ್ದು ಅಂತಿದ್ಯಲ್ಲ ಅಕ್ಕ?"

"ಅಜ್ಜಿ ಕಾಲದ್ದು ಅಡವಲ್ಲೇ ಮುಳುಗಿಹೋಯ್ತು. ನೀನು ನನ್ನ ನೋಡಿ ಉರ್ಕೊಳ್ಳಲಿ ಅಂತ ಹಂಗಂದೆ."

"ನಾನೂ ಉರ್ಕೊಂಡೆ ಕಣಕ್ಕ, ಸತ್ಯವಾಗ್ಲೂ."

ಇಬ್ಬರೂ ನಕ್ಕರು. ನಗು ಜಾಸ್ತಿಯಾಯಿತು. ಸಮ್ಲಿ ನಗುತ್ತಾ ನಗುತ್ತಾ ನಲ್ಲಿ ಕಟ್ಟೆಗೆ ಒರಗಿ ಕಣ್ಣು ಒರೆಸಿಕೊಂಡಳು. "ಬುದ್ಧನ ಬೆನ್ನಿಗೆ ಚಿನ್ನದ ರೇಕು ಹಚ್ಚು, ಯಾರಿಗೂ ಕಾಣ್ದಂಗೆ ಪುಣ್ಯ ಮಾಡು ಅಂತ ದೊಡ್ಡೋರು ಹೇಳ್ತಾರೆ. ಈ ಸಾಹುಕಾರ ಟಿವಿ ಕರೆಸಿ ಬುದ್ಧನ ಮೂಗಿಗೇ ಹಚ್ತಾ ಇದಾನೆ. ಅದೂ ನಮ್ಮ ಹಿತ್ತಾಳೆ!"

"ಏನ್ ಮಾಡೋದು ಅಕ್ಕ?"

"ಏನ್ ಮಾಡ್ತೀಯ? ಹಾಕಿ ಬಂದುಬಿಡೋದು. ದೇಶಾನೇ ಸುಳ್ಳು ಹೇಳ್ಕೊಂಡು ಬದುಕಿತ್ತು, ಇದೊಂದು ಸುಳ್ಳು ಭಾರ ಆಗಲ್ಲ."

ಹಾಕಿ ಬಂದುಬಿಡೋಣ ಎಂದೇ ಬುವಾಪನ್ ಅವತ್ತು ತೀರ್ಮಾನ ಮಾಡಿದಳು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಮೇಸ್ತ್ರಿ ಊರ ತುಂಬ ಅವಳು ಮೊದಲೇ ಗಲಾಟೆ ಮಾಡಲು ಸಂಚು ಹೂಡಿದ್ದಳು ಎಂದು ಹೇಳಿಕೊಂಡು ತಿರುಗಿದ. ಸಂಚೂ ಇಲ್ಲ, ಮಣ್ಣೂ ಇಲ್ಲ. ಅವಳು ಹೆದರಿದ್ದಳು. ಹೆದರಿಕೆಯಲ್ಲೇ ಶನಿವಾರ ಬಿಳಿ ರವಿಕೆ ಹಾಕಿಕೊಂಡು, ಹಿತ್ತಾಳೆಗೆ ಹುಣಿಸೆಹಣ್ಣು ತಿಕ್ಕಿ ಹೊರಟಳು.

ಶೆಡ್ಡಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅತಿಥಿಗಳಿಗೆ ಕುರ್ಚಿ, ಹೆಂಗಸರಿಗೆ ನೆಲ. ನೆಲಕ್ಕೆ ಲೋಡುಗಟ್ಟಲೆ ನೀರು ಹೊಡೆದರೂ ಸಿಗಡಿ ತಲೆಯ ನಾತ ಹೋಗಿರಲಿಲ್ಲ, ಅದಕ್ಕೆ ಅಗರಬತ್ತಿ ಹಚ್ಚಿದ್ದರು. ನೋಟುಗಳನ್ನು ಸಿಕ್ಕಿಸಿದ ಹಣದ ಮರ ಒಂದು ಕಡೆ, ಕೆಂಪು ಮಖಮಲ್ಲಿನ ತಟ್ಟೆ ಒಂದು ಕಡೆ. ನಡುವೆ ವಯಸ್ಸಾದ ಭಿಕ್ಷುಗಳೊಬ್ಬರು ಕೂತಿದ್ದರು. ಅವರಿಗೆ ಕಿವಿ ಮಂದ. ಪಾಪ, ಯಾರು ಏನು ಹೇಳಿದರೂ ತಲೆ ಆಡಿಸುತ್ತಿದ್ದರು. ಡೋಲು ಬಾರಿಸುವವರು ಶಾಮಿಯಾನದ ಹಿಂದೆ ತಯಾರಾಗಿದ್ದರು. ಟಿವಿಯ ಹುಡುಗ ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದ.

ಮೊದಲು ಸಾಹುಕಾರನ ಹೆಂಡತಿ ಎದ್ದಳು. ಕೊರಳಿಂದ ಬೆರಳು ದಪ್ಪದ ಸರ ಬಿಚ್ಚಿ ತಟ್ಟೆಗಿಟ್ಟಳು. ಕ್ಯಾಮೆರಾದವನು ಇನ್ನೊಮ್ಮೆ ಇಡಿ ಎಂದ. ಇನ್ನೊಮ್ಮೆ ಇಟ್ಟಳು. ಅದು ಅಪ್ಪಟ ಚಿನ್ನ, ಅದರಲ್ಲಿ ಸುಳ್ಳಿರಲಿಲ್ಲ. ಅದು ಯಾರ ಬೆರಳುಗಳಿಂದ ಬಂದ ಚಿನ್ನ ಎಂದು ಮಾತ್ರ ಯಾರೂ ಕೇಳಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಕೆಲಸದ ಹೆಂಗಸರೂ ತಟ್ಟಿದರು, ವಿಚಿಯನ್ ನೋಡುತ್ತಿದ್ದ.

ಹೆಂಗಸರ ಸಾಲು ಎದ್ದು ನಿಂತಿತು. ಮುಂದಿನವಳು ಬಿಚ್ಚಿದಳು, ಇಟ್ಟಳು, ಕೈಮುಗಿದಳು, ಇಳಿದಳು. ಅವಳ ಹಿಂದಿನವಳೂ ಹಾಗೇ. ಬುವಾಪನ್ ನೆಲ ನೋಡಿಕೊಂಡು ಸಾಲಿನಲ್ಲಿ ಸರಿಯುತ್ತಿದ್ದಳು. ಅವಳ ಹಿಂದೆ ಸಮ್ಲಿ.

ಆಗ ಸಾಹುಕಾರ ಮೈಕಿನ ಮುಂದೆ ಬಂದ. ಆಳೆತ್ತರದ ರಟ್ಟಿನ ಚೆಕ್ಕೊಂದನ್ನು ಇಬ್ಬರು ಹಿಡಿದು ನಿಂತರು. ಅದರ ಮೇಲೆ ಕಂಪನಿಯ ಹೆಸರು, ದೊಡ್ಡ ಅಕ್ಷರ.

"ನನ್ನ ಕೆಲಸಗಾರರ ದೊಡ್ಡ ಮನಸ್ಸು ನೋಡಿ ನನಗೇ ಕಣ್ಣೀರು ಬರ್ತಿದೆ. ಅವರು ಬರೀ ಚಿನ್ನ ಕೊಟ್ಟಿಲ್ಲ. ಹೊಸ ವರ್ಷದಿಂದ ಅರ್ಧ ಹೊಟ್ಟೆ ಉಂಡು, ತಮ್ಮ ಕೂಲಿಯ ಅರ್ಧ ಉಳಿಸಿ ನನ್ನ ಕೈಲಿ ಇಟ್ಟಿದ್ರು. ಅದನ್ನೆಲ್ಲ ಇವತ್ತು ಸಂತೋಷದಿಂದ ದೇಶಕ್ಕೆ ಒಪ್ಪಿಸ್ತಿದಾರೆ!"

ಚಪ್ಪಾಳೆ ಬಿತ್ತು. ಕುರ್ಚಿಯ ಮೇಲಿನವರು ಎದ್ದು ನಿಂತು ತಟ್ಟಿದರು.

"ನಾವು ಯಾವಾಗ ಕೊಟ್ವೇ?" ಎಂದು ಸಮ್ಲಿ ಪಿಸುಗುಟ್ಟಿದಳು.

ಬುವಾಪನ್ ಕೇಳಿಸಿಕೊಳ್ಳಲಿಲ್ಲ. ಅವಳಿಗೆ ದಾವ್ ಕಂಡಳು. ರಬ್ಬರ್ ಏಪ್ರನ್ ಹಾಕಿಕೊಂಡು, ಮಂಜುಗಡ್ಡೆಯ ನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿಕೊಂಡು. ಅಷ್ಟು ಹೊತ್ತಿಗೆ ಅವಳ ಸರದಿ ಬಂದಿತ್ತು. ತಟ್ಟೆ ಮುಂದಿತ್ತು. ಸಾಹುಕಾರ ನಗುತ್ತಾ ಕೈ ಚಾಚಿ ತಟ್ಟೆ ತೋರಿಸಿದ.

ಅವಳು ಕೊಂಡಿ ಬಿಚ್ಚಲಿಲ್ಲ. ಸರಕ್ಕೆ ಕೈ ಹಾಕಿ ಎಳೆದಳು. ಅದು ಕೂದಲಿಗೆ ಸಿಕ್ಕಿತು, ಕೂದಲ ಸಮೇತ ಕಿತ್ತಳು. ತುಂಡಾದದ್ದನ್ನು ತಟ್ಟೆಗೆ ಒಗೆದಳು.

"ತಗೊಳ್ಳಿ. ಹಿತ್ತಾಳೆ. ನನ್ನ ಚಿನ್ನ ಅಡವಿನಂಗಡೀಲಿದೆ. ಯಾಕಿದೆ ಹೇಳ್ಲಾ? ನೀವು ಅರ್ಧ ಕೂಲಿ ನುಂಗಿದ್ದಕ್ಕೆ."

ಸಾಹುಕಾರನ ನಗು ಹಾಗೇ ಇತ್ತು. ಕಣ್ಣು ಮಾತ್ರ ವಿಚಿಯನ್ ಕಡೆ ಹೋಯಿತು. ವಿಚಿಯನ್ ಕೈ ಎತ್ತಿದ. ಡೋಲು ಶುರುವಾಯಿತು.

"ನಾನು ಕೂಲಿ ದಾನ ಮಾಡಿಲ್ಲ! ನನ್ನ ಕೇಳಿದ್ರಾ? ಯಾರ್ನಾದ್ರೂ ಕೇಳಿದ್ರಾ? ನನ್ನ ಮಗಳ ಶಾಲೆ ದುಡ್ಡದು. ದೇಶ ದೇಶ ಅಂತೀರಲ್ಲ, ನನ್ನ ಮಗಳು ದೇಶ ಅಲ್ವಾ? ನಾನಲ್ವಾ? ನನ್ನ ಕೂಲಿ ಕೊಡಿ! ಮೊದಲು ಕೂಲಿ ಕೊಡಿ, ಆಮೇಲೆ ದಾನ ಕೇಳಿ!"

ಡೋಲು ಜೋರಾಯಿತು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಅದು ಸಿಟ್ಟಿನ ನೀರು. ಸಾಹುಕಾರ ಅವಳ ಮೊಣಕೈ ಹಿಡಿದ. ದೂರದಿಂದ ನೋಡಿದವರಿಗೆ ಸಮಾಧಾನ ಮಾಡುವ ಹಾಗೆ ಕಂಡಿರಬೇಕು. ಉಗುರು ಚರ್ಮದೊಳಗೆ ಇಳಿದಿತ್ತು. "ಇಳೀತೀಯೋ, ಪೊಲೀಸ್ ಕರೆಸ್ಲೋ?" ಎಂದು ನಗುತ್ತಲೇ ಹಲ್ಲುಗಳ ನಡುವೆ ಹೇಳಿದ. ಭಿಕ್ಷುಗಳು ಅವಳ ಬಾಯಿ ಆಡುವುದನ್ನು ನೋಡಿ, "ಏನಂತೆ?" ಎಂದು ವಿಚಿಯನ್‌ನನ್ನು ಕೇಳಿದರು. "ಹರಕೆ ಹೇಳ್ಕೊಳ್ತಿದಾಳೆ, ಗುರುಗಳೇ," ಎಂದು ಅವನು ಅವರ ಕಿವಿಯಲ್ಲಿ ಕೂಗಿದ. ಅವರು ಮರುಕದಿಂದ ಅವಳ ತಲೆಯ ಮೇಲೆ ತೀರ್ಥ ಚಿಮುಕಿಸಿದರು.

ಬುವಾಪನ್ ತಿರುಗಿ ನೋಡಿದಳು. ಸಮ್ಲಿಯನ್ನು ನೋಡಿದಳು. ಬಾಯಿ ಬಿಡು ಅಕ್ಕ, ಊರಿಗೆಲ್ಲ ಉತ್ತರ ಕೊಡುವ ನಾಲಿಗೆ ನಿನ್ನದು, ಈಗ ಬಿಡು. ಸಮ್ಲಿ ಬಾಯಿ ಬಿಡಲಿಲ್ಲ. ಕೊಂಡಿ ಬಿಚ್ಚಿ ಸರ ತಟ್ಟೆಗಿಟ್ಟು ಕೈಮುಗಿದು ಇಳಿದುಹೋದಳು. ಅವಳ ಹಿಂದಿನವರೂ ಹಾಗೇ ಇಳಿದರು.

ಬುವಾಪನ್‌ಳನ್ನು ಗೇಟಿನವರೆಗೆ ಇಬ್ಬರು ನಡೆಸಿಕೊಂಡು ಹೋದರು. ವಿಚಿಯನ್ ಅವಳ ಬೂಟು, ಏಪ್ರನ್ನು ಎಣಿಸಿ ಒಳಗಿಟ್ಟುಕೊಂಡ.

"ನನ್ನ ಅರ್ಧ ಕೂಲಿ?" ಎಂದಳು.

"ದೇಶಕ್ಕೆ ಕೊಟ್ಟಾಯ್ತಲ್ಲ. ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ? ನರಕಕ್ಕೆ ಹೋಗ್ತೀಯ."

"ನರಕದಿಂದಲೇ ಈಗ ಹೊರಗೆ ಬರ್ತಿದೀನಿ, ಹೋಗೋ," ಎಂದಳು. ಅವನನ್ನು ಅವಳು ಹೋಗೋ ಎಂದದ್ದು ಅದೇ ಮೊದಲು. ಗೇಟಿನ ಹೊರಗೆ ಕೆಲಸಕ್ಕೆ ಕಾದು ಕೂತಿದ್ದ ಹೆಂಗಸರಲ್ಲಿ ಒಬ್ಬಳು ಆಗಲೇ ಎದ್ದು, ಸೀರೆಯಂಥ ತನ್ನ ಸುತ್ತುಬಟ್ಟೆ ಕೊಡವಿಕೊಂಡು ಮೇಸ್ತ್ರಿಯ ಮುಂದೆ ಹೋಗಿ ನಿಂತಳು.

ಸಮ್ಲಿ ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ಓಣಿಗೆ ಬಂದಳು. ಅಂಟಕ್ಕಿ ಅನ್ನ, ಸುಟ್ಟ ಮೀನು. ಹೊಸ್ತಿಲಲ್ಲೇ ಕೂತಳು, ಒಳಗೆ ಬರಲಿಲ್ಲ.

"ಬೈಯಿ. ಬೈದುಬಿಡು ನನ್ನ."

"ಬೈದ್ರೆ ಏನ್ ಸಿಗುತ್ತಕ್ಕ?"

"ನನಗೂ ಹೊಟ್ಟೆ ಇದೆ ಕಣೇ. ಮೂರು ಮೊಮ್ಮಕ್ಕಳ ಹೊಟ್ಟೆ ಇದೆ. ನಾಲಿಗೆ ಎದ್ದಿತ್ತು, ಕಾಲು ನಡುಗಿಬಿಡ್ತು." ಬುತ್ತಿ ಮುಚ್ಚಳ ತೆಗೆದು ಮುಂದೆ ತಳ್ಳಿದಳು. ಬುವಾಪನ್ ಒಂದು ತುತ್ತು ತಿಂದು ಮುಚ್ಚಳ ಮತ್ತೆ ಮುಚ್ಚಿದಳು.

ಸಂಜೆ ಪಿಮ್ ಅಕ್ಕನ ಅಂಗಡಿಯ ಮುಂದೆ ಓಣಿಯೇ ಸೇರಿತ್ತು. ಟಿವಿಯಲ್ಲಿ ಸಾಹುಕಾರನ ಶಾಮಿಯಾನ. ಹೆಂಡತಿಯ ಸರ. ರಟ್ಟಿನ ಚೆಕ್ಕು. ಆಮೇಲೆ ಬುವಾಪನ್. ಅವಳ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ದನಿಯ ಜಾಗದಲ್ಲಿ ದೇಶಭಕ್ತಿಯ ಸಂಗೀತ, ಅದರ ಮೇಲೆ ಒಬ್ಬ ಹೆಣ್ಣುಮಗಳ ಇಂಪಾದ ಮಾತು: ಕೊಂಡಿ ಬಿಚ್ಚುವಷ್ಟೂ ತಾಳ್ಮೆಯಿಲ್ಲದೆ, ಇದ್ದೊಂದು ಚಿನ್ನದ ಸರವನ್ನು ಕಿತ್ತು ದೇಶಕ್ಕೆ ಅರ್ಪಿಸಿ ಆನಂದಬಾಷ್ಪ ಸುರಿಸಿದ ದಿನಗೂಲಿ ಮಹಿಳೆ. ಸಾಹುಕಾರ ಅವಳ ಮೊಣಕೈ ಹಿಡಿದು ಸಂತೈಸುತ್ತಿದ್ದ. ತಲೆಯ ಮೇಲೆ ತೀರ್ಥ ಬೀಳುತ್ತಿತ್ತು.

"ಸುಳ್ಳು," ಎಂದಳು ಬುವಾಪನ್. "ನಾನು ಬೈತಿದ್ದೆ."

ಓಣಿಯವರು ನಕ್ಕರು. ನಾಚಿಕೆಗೆ ಹಾಗನ್ನುತ್ತಾಳೆ ಎಂದುಕೊಂಡರು. ಪಿಮ್ ಅಕ್ಕ ಎದ್ದು ಬಂದು ಎರಡೂ ಕೈ ಜೋಡಿಸಿ ಹಣೆಗೊತ್ತಿಕೊಂಡಳು. "ಪುಣ್ಯಾತ್ಗಿತ್ತಿ ಕಣಮ್ಮ ನೀನು. ನನ್ನ ಕೈಲಿ ಆಗ್ತಿರಲಿಲ್ಲ."

"ಅಕ್ಕ, ಒಂದೆರಡು ಕಿಲೋ ಅಕ್ಕಿ ಬೇಕಿತ್ತು. ಬರೆದಿಟ್ಕೊಳ್ಳಿ."

ಪಿಮ್ ಅಕ್ಕನ ಕಣ್ಣು ಅವಳ ಕೊರಳಿಗೆ ಇಳಿಯಿತು. ಬೋಳು ಕೊರಳು, ಹಸಿರು ಗೆರೆ, ಕಿತ್ತ ಜಾಗದಲ್ಲಿ ರಕ್ತದ ಗೀರು. ಜೋಡಿಸಿದ ಕೈ ಬಿಟ್ಟಿತು.

"ಇರೋದನ್ನೆಲ್ಲ ಕೊಟ್ಬಿಟ್ಟೆಯಲ್ಲ ತಾಯಿ, ಇನ್ನು ಯಾವ ಭರವಸೆ ಮೇಲೆ ಬರೀಲಿ? ಕೈಲಿ ಕಾಸಿದ್ರೆ ತಗೊಂಡು ಹೋಗು."

ಭಾನುವಾರ ಬೆಳಿಗ್ಗೆ ಅವ್ವನಿಗೆ ಫೋನ್ ಮಾಡುವ ಹೊತ್ತು. ಹಳ್ಳಿಯಲ್ಲಿ ಫೋನ್ ಇದ್ದದ್ದು ಒಂದೇ ಅಂಗಡಿಯಲ್ಲಿ. ಅವ್ವ ಅಲ್ಲಿಗೆ ಬಂದು ಕಾಯುತ್ತಿದ್ದಳು. ಇತ್ತ ಬುವಾಪನ್ ಸಂತೆಬೀದಿಯ ಕಾಸಿನ ಫೋನಿನ ಮುಂದೆ ಸಾಲಿನಲ್ಲಿ ನಿಂತಳು. ಹಿಂದೆ ಶೆಡ್ಡುಗಳ ಹೆಂಗಸರು, ಬಂದರಿನ ಹಮಾಲರು, ಎಲ್ಲರೂ ಊರಿಗೆ ಮಾತಾಡಲು ಬಂದವರು. ಶಾಲೆಯ ಮಾತು ಹೇಗೆ ಎತ್ತಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಈ ವರ್ಷ ಬೇಡ ಅವ್ವ ಅನ್ನಬೇಕು. ದಾವ್‌ಗೆ ನೀನೇ ಹೇಳು ಅನ್ನಬೇಕು.

ಕಾಸು ಹಾಕಿದಳು. ಅತ್ತಲಿಂದ ಅವ್ವನ ದನಿ ಉಕ್ಕಿ ಬಂತು.

"ನಿನ್ನ ನೋಡಿದ್ವಿ ಕಣೇ! ಟಿವೀಲಿ! ಊರೇ ಸೇರಿತ್ತು. ದಾವ್ ಅಂತೂ ನಮ್ಮಮ್ಮ ನಮ್ಮಮ್ಮ ಅಂತ ಕುಣಿದಾಡಿಬಿಟ್ಲು. ಗೌಡ ಬಂದು ನನಗೆ ಕುರ್ಚಿ ಹಾಕ್ಸಿದ. ನನ್ನ ಜೀವಮಾನದಲ್ಲಿ ಯಾರು ಕುರ್ಚಿ ಹಾಕಿದ್ರು ಹೇಳು?"

"ಅವ್ವ, ಒಂದು ನಿಮಿಷ ಕೇಳು..."

"ಮೊದಲು ಎದೆ ಧಸಕ್ಕಂತು, ಸುಳ್ಳ್ಯಾಕೆ ಹೇಳ್ಲಿ. ಶಾಲೆ ಗತಿ ಏನಪ್ಪಾ ಅಂತ. ಆಮೇಲೆ ಅಂದ್ಕೊಂಡೆ, ನನ್ನ ಮಗಳು ಕೂಲಿ ಮಾಡೋಳು, ಅವಳೇ ಕಿತ್ತು ಕೊಟ್ಟ ಮೇಲೆ ನಾನು ಮುದುಕಿ, ಕಿವೀಲಿ ಇಟ್ಕೊಂಡು ಏನ್ ಮಾಡ್ಲಿ? ಆ ಚಿನ್ನದ ವಾಲೆ ದಾವ್ ಶಾಲೆಗೆ ಅಂತ ನಿನಗೆ ಹೇಳ್ದೆ ಇಟ್ಟಿದ್ದೆ ಕಣೇ. ಇವತ್ತು ಬೆಳಗಾಗ್ತಲೇ ವಿಹಾರಕ್ಕೆ ಹೋಗಿ ಎರಡೂ ಬಿಚ್ಚಿ ಹಾಕ್ಬಿಟ್ಟೆ. ಗುರುಗಳು ನಿನ್ನ ಹೆಸರು ಹೇಳಿ ಆಶೀರ್ವಾದ ಮಾಡಿದ್ರು. ನನ್ನ ನೋಡಿ ಇನ್ನೂ ನಾಲ್ಕು ಜನ ಹೆಂಗಸರು ಬಿಚ್ಚಿದ್ರು."

ಬುವಾಪನ್ ಫೋನಿನ ಪೆಟ್ಟಿಗೆಗೆ ಹಣೆ ಒತ್ತಿ ನಿಂತಳು.

"ಕೇಳಿಸ್ತಾ ಇದೆಯಾ? ಯಾಕೆ ಅಳ್ತೀಯ? ಖುಷಿ ಪಡಬೇಕು. ಹೋಗ್ಲಿ, ಒಂದು ಹೇಳು. ಟಿವೀಲಿ ನೀನು ಏನೋ ಹೇಳ್ತಿದ್ದೆ, ಬಾಯಿ ಆಡ್ತಿತ್ತು, ಮಾತು ಕೇಳಿಸ್ಲಿಲ್ಲ. ಊರೋರೆಲ್ಲ ಕೇಳ್ತಿದಾರೆ, ಏನು ಹರಕೆ ಮಾಡ್ಕೊಂಡೆ ಅಂತ. ಏನಂದೆ ನೀನು?"

"ಕೂಲಿ ಕೊಡು ಅಂದೆ ಅವ್ವ."

"ಆ?"

"ನನ್ನ ಕೂಲಿ ಕೊಡು ಅಂದೆ!" ಅವಳು ಕೂಗಿದಳು. ಹಿಂದೆ ಸಾಲಿನಲ್ಲಿದ್ದವರ ಮಾತು ನಿಂತಿತು. "ಸರ ಹಿತ್ತಾಳೇದು. ಅದನ್ನ ಕಿತ್ತು ಅವನ ಮುಂದೆ ಒಗೆದೆ. ಅರ್ಧ ಕೂಲಿ ನುಂಗಿ ದೇಶಕ್ಕೆ ಕೊಟ್ಟೆ ಅಂದ ಕಳ್ಳ ಅವನು. ನಾನು ಏನೂ ಕೊಟ್ಟಿಲ್ಲ ಅವ್ವ, ಯಾರಿಗೂ ಏನೂ ಕೊಟ್ಟಿಲ್ಲ. ಕೊಡು ಅಂದೆ. ಕೊಡು ಅಂದಿದ್ದು ನಾನು!"

ಅತ್ತಲಿಂದ ಅಂಗಡಿಯ ರೇಡಿಯೋ ಸದ್ದು ಬರುತ್ತಿತ್ತು, ಯಾವುದೋ ಕೋಳಿ ಕೂಗುತ್ತಿತ್ತು. ಕಾಸು ಮುಗಿಯುವ ಗಂಟೆ ಬಡಿಯಿತು.

"ಹಂಗಾದ್ರೆ," ಎಂದಳು ಅವ್ವ, "ನನ್ನ ವಾಲೆ ಯಾರು ತಗೊಂಡ್ರೇ?"